ಐಡಿ ಕಾರ್ಡ್ ತೊಟ್ಟ ಹುಡುಗನ ಚಿತ್ರ: ಯಪ್ಪಿ ಎಂಬ ಪದದಿಂದ ಹಿಂಜವಡಿಯವರೆಗೆ

ಕಳೆದ ಮಳೆಗಾಲದ ಒಂದು ಭಾನುವಾರ ಅಕ್ಕನ ಮಗ ಪುಣೆಯಿಂದ ಬಂದಿದ್ದ. ಮುಂಬಯಿಯ ಮಾಟುಂಗದಲ್ಲಿ ಬಾಳೆಲೆಯ ಊಟ ಮಾಡಬೇಕೆಂಬುದು ಅವನ ಬಹಳ ದಿನದ ಆಸೆ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಸರದಿಗಾಗಿ ನಿಂತಿದ್ದಾಗ ಮೊಬೈಲಿನಲ್ಲಿ ಒಂದು ಕಿರು ವಿಡಿಯೊ ತೋರಿಸಿದ. ಅದರಲ್ಲೊಬ್ಬ ಹುಡುಗ. ಕೊರಳಲ್ಲಿ ಐಡಿ ಕಾರ್ಡ್, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಮುನ್ನೂರು ರೂಪಾಯಿಯ ಕಾಫಿ. ತಾಯಿ ಫೋನ್ ಮಾಡಿದರೂ ಕಚೇರಿಯ ಇಂಗ್ಲಿಷಿನಲ್ಲೇ ಉತ್ತರಿಸುತ್ತಾನೆ. ಶುಕ್ರವಾರ ಸಂಜೆಯಾದರೆ ಗೋವಾ ಎನ್ನುತ್ತಾನೆ. ತಿಂಗಳ ಇಪ್ಪತ್ತನೆಯ ತಾರೀಖಿಗೆ ಕೈ ಬರಿದು.

"ಇದರಲ್ಲಿ ಸುಳ್ಳೇನೂ ಇಲ್ಲ ಮಾವ" ಎಂದ ಅವನು. "ಆದರೆ ಅಮ್ಮನೂ ಇದನ್ನು ನೋಡಿದ್ದಾಳೆ. ನಾನು ಇಷ್ಟೇ ಎಂದುಕೊಂಡಿದ್ದಾಳೆ."

ಮೂರೂವರೆ ದಶಕ ಮುಂಬಯಿಯ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಅದರಲ್ಲಿ ಬಹುಪಾಲು ಸಾಲದ ಅರ್ಜಿಗಳ ಮೇಜು. ಇಂಥ ಹುಡುಗ ಹುಡುಗಿಯರ ಸಂಬಳದ ಚೀಟಿಗಳನ್ನು ಸಾವಿರಾರು ನೋಡಿದ್ದೇನೆ. ಆ ಚೀಟಿಗಳಲ್ಲಿ ನಾನು ಕಂಡ ಬದುಕಿಗೂ ಸಿನಿಮಾ, ಜಾಹೀರಾತು, ಪತ್ರಿಕೆ, ಈಗ ಮೊಬೈಲು ತೋರಿಸುವ ಬದುಕಿಗೂ ಇರುವ ಅಂತರ ನನ್ನನ್ನು ಬಹಳ ಕಾಡಿದೆ. ನಗರದ ಯುವ ವೃತ್ತಿಪರರೆಂದರೆ ಹೀಗೆ ಎಂಬ ಚಿತ್ರ ಎಲ್ಲಿಂದ ಬಂತು, ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆ, ಅದರಲ್ಲಿ ಯಾವುದು ಬಿಟ್ಟುಹೋಗಿದೆ ಎಂಬುದನ್ನು ಬಿಡಿಸಿ ಹೇಳಬೇಕೆನಿಸಿತು.

ಈ ಚಿತ್ರಕ್ಕೆ ಅಮೆರಿಕದಲ್ಲಿ ಇಟ್ಟ ಹೆಸರು ಯಪ್ಪಿ. ಯಂಗ್, ಅರ್ಬನ್, ಪ್ರೊಫೆಷನಲ್ ಎಂಬ ಮೂರು ಪದಗಳ ಮೊದಲಕ್ಷರಗಳನ್ನು ಕೂಡಿಸಿ, ಹಿಪ್ಪಿ ಎಂಬ ಹಳೆಯ ಪದದ ಎರಕದಲ್ಲಿ ಹೊಯ್ದದ್ದು. ಅಚ್ಚಿನಲ್ಲಿ ಅದು ಕಾಣಿಸಿಕೊಂಡ ಮೊದಮೊದಲ ಜಾಗಗಳಲ್ಲಿ ಒಂದು, 1980ರಲ್ಲಿ ಶಿಕಾಗೋದ ಪತ್ರಿಕೆಯೊಂದಕ್ಕೆ ಡ್ಯಾನ್ ರಾಟನ್‌ಬರ್ಗ್ ಬರೆದ ಲೇಖನ. ನಗರದ ಹೊರವಲಯ ಬಿಟ್ಟು ನಡುಪೇಟೆಗೆ ಮರಳಿ ಬಂದು ಮನೆ ಮಾಡುತ್ತಿದ್ದ ವಿದ್ಯಾವಂತ ಯುವಜನರನ್ನು ಗುರುತಿಸಲು ಅಲ್ಲಿ ಆ ಪದ ಬಂತು. ಅಂದರೆ ಮೊದಲ ದಿನದಿಂದಲೂ ಇದು ಮನೆ ಮತ್ತು ನೆಲದ ಜೊತೆ ಅಂಟಿಕೊಂಡ ಪದ. ಈ ಮಾತು ಮುಂದೆ ಮುಂಬಯಿಗೆ ಬಂದಾಗ ಬೇಕಾಗುತ್ತದೆ.

ಪದಕ್ಕೆ ಕಹಿ ಸೇರಿದ್ದು 1983ರಲ್ಲಿ. ಜೆರ್ರಿ ರೂಬಿನ್ ಎಂಬಾತ 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಬೀದಿಗಿಳಿದ ಯಿಪ್ಪಿಗಳ ಮುಂದಾಳು. ಅದೇ ಮನುಷ್ಯ 1980ರಲ್ಲಿ ನ್ಯೂಯಾರ್ಕಿನ ಹಣಕಾಸು ಕಂಪನಿಗೆ ಕೆಲಸಕ್ಕೆ ಸೇರಿದ. ಯಿಪ್ಪಿ ಹೇಗೆ ಯಪ್ಪಿಯಾದ ಎಂದು ಅಂಕಣಕಾರ ಬಾಬ್ ಗ್ರೀನ್ ಬರೆದರು. ಅಲ್ಲಿಗೆ ಆ ಪದದ ಬೆನ್ನಿಗೆ ಒಂದು ಆರೋಪ ಏರಿತು: ನೀನು ನಿನ್ನನ್ನು ಮಾರಿಕೊಂಡೆ. ಮರುವರ್ಷ, 1984 ಯಪ್ಪಿಗಳ ವರ್ಷ ಎಂದು ನ್ಯೂಸ್‌ವೀಕ್ ಮುಖಪುಟದಲ್ಲೇ ಸಾರಿತು. ಯಾವ ಕೈಗಡಿಯಾರ, ಯಾವ ಕಾರು, ಯಾವ ತಿನಿಸು ಎಂದು ಪಟ್ಟಿ ಮಾಡುವ ನಗೆಪುಸ್ತಕಗಳೂ ಬಂದವು. ಒಂದು ಜನವರ್ಗವನ್ನು ಅದು ಕೊಳ್ಳುವ ವಸ್ತುಗಳಿಂದಲೇ ಗುರುತಿಸುವ ಚಾಳಿ ಗಟ್ಟಿಯಾದದ್ದು ಆಗ. ಅದು ಇಂದಿಗೂ ಬಿಟ್ಟಿಲ್ಲ. ಅಕ್ಕನ ಮಗನ ವಿಡಿಯೊದಲ್ಲಿದ್ದ ಕಾಫಿ ಲೋಟ ಆ ಪಟ್ಟಿಯ ಮರಿಮೊಮ್ಮಗು.

1987ರ ಅಕ್ಟೋಬರ್ 19ರಂದು ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇಕಡ 22.6ರಷ್ಟು ಕುಸಿಯಿತು. ಎರಡು ತಿಂಗಳಿಗೆ, ಡಿಸೆಂಬರಿನಲ್ಲಿ, 'ವಾಲ್ ಸ್ಟ್ರೀಟ್' ಸಿನಿಮಾ ತೆರೆಗೆ ಬಂತು. ದುರಾಸೆಯನ್ನು ಖಂಡಿಸಲು ತೆಗೆದ ಚಿತ್ರ ಅದು. ಆದರೆ ಅದರ ಖಳನಾಯಕನನ್ನು ನೋಡಿಯೇ ತಾವು ಈ ವೃತ್ತಿಗೆ ಬಂದೆವೆಂದು ಹೇಳುವ ಎಷ್ಟೋ ಜನ ತನಗೆ ಸಿಕ್ಕಿದ್ದಾರೆ ಎಂದು ಆ ಪಾತ್ರ ಮಾಡಿದ ಮೈಕಲ್ ಡಗ್ಲಾಸ್ ಹೇಳಿಕೊಂಡಿದ್ದಾರೆ. ನಮ್ಮಲ್ಲೂ ಇದಕ್ಕೆ ಜೋಡಿ ಇದೆ. 1992ರ ಏಪ್ರಿಲಿನಲ್ಲಿ, ಬ್ಯಾಂಕುಗಳ ಹಣವನ್ನು ಷೇರುಪೇಟೆಗೆ ಸುರಿದ ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಬಯಲಾದಾಗ ಬ್ಯಾಂಕಿನ ನೌಕರರಾದ ನಾವು ಊಟದ ಡಬ್ಬಿ ತೆರೆಯಲೂ ಮನಸ್ಸಿಲ್ಲದೆ ಕೂತ ದಿನಗಳು ನನಗೆ ನೆನಪಿವೆ. 2020ರಲ್ಲಿ ಅದೇ ಕಥೆ ಧಾರಾವಾಹಿಯಾಗಿ ಬಂದಾಗ ಅಪಾರ್ಟ್‌ಮೆಂಟಿನ ಹುಡುಗರು ಅದರ ಸಂಭಾಷಣೆಗಳನ್ನು ಮೆಚ್ಚಿ ಹೇಳುತ್ತಿದ್ದರು. ಬೈಗುಳ ಮತ್ತು ಆಸೆ ಒಂದೇ ಚಿತ್ರದೊಳಗೆ ಇರುತ್ತವೆ. ಜನಪ್ರಿಯ ಸಂಸ್ಕೃತಿ ಯುವ ವೃತ್ತಿಪರನನ್ನು ನೋಡುವ ಬಗೆ ಅರ್ಥವಾಗಬೇಕಾದರೆ ಈ ಜೋಡಿಯನ್ನು ಬಿಡಿಸಬಾರದು.

ಇದಕ್ಕೆ ಕಾರಣವೂ ಇದೆ. ಈ ಚಿತ್ರ ಬರೆಯುವವರು ಯಾರು? ಜಾಹೀರಾತಿನ ಬರಹಗಾರ, ಚಿತ್ರಕಥೆಯವನು, ಪತ್ರಿಕೆಯ ಉಪಸಂಪಾದಕಿ, ವಿಡಿಯೊ ಮಾಡುವ ಹುಡುಗ. ಇವರೆಲ್ಲರೂ ನಗರದಲ್ಲಿ ಬಾಡಿಗೆ ಕೊಟ್ಟು ಬದುಕುವ ಯುವ ವೃತ್ತಿಪರರೇ. ತಮ್ಮ ಮನೆಯ ಕನ್ನಡಿಯನ್ನೇ ಹಿಡಿದಿರುತ್ತಾರೆ. ಆದ್ದರಿಂದ ಚಿತ್ರ ಇಷ್ಟು ಸೂಕ್ಷ್ಮ. ಇನ್ನೊಂದು ಕಡೆ, ಈ ವರ್ಗವೇ ಮಾರುಕಟ್ಟೆಯ ಮುಖ್ಯ ಗಿರಾಕಿ. ಹಾಸ್ಯದ ಕಾರ್ಯಕ್ರಮ ಅವನನ್ನು ಹತ್ತು ನಿಮಿಷ ಛೇಡಿಸುತ್ತದೆ, ನಡುವಿನ ಜಾಹೀರಾತು ಅವನನ್ನೇ ಅರಸನಂತೆ ಕೂರಿಸಿ ಫ್ಲ್ಯಾಟು, ಕಾರು, ವಿಮೆ ಮಾರುತ್ತದೆ. ಎರಡೂ ಸೇರಿ ಅವನನ್ನು ಕೊಳ್ಳುವವನನ್ನಾಗಿ ಮಾತ್ರ ಉಳಿಸುತ್ತವೆ. ದುಡಿಯುವವನಾಗಿ ಅವನು ತೆರೆಯ ಮೇಲೆ ಬರುವುದು ಬಹಳ ಅಪರೂಪ. ಸಿನಿಮಾದಲ್ಲಿ ಕಚೇರಿಯೆಂದರೆ ಗಾಜಿನ ಗೋಡೆ, ಒಂದು ಸಭೆ, ಒಂದು ಚಪ್ಪಾಳೆ. ಎಂಟು ಗಂಟೆ ಒಂದೇ ತಪ್ಪನ್ನು ಹುಡುಕುತ್ತ ಕೂತವನ ಕಣ್ಣುರಿಯನ್ನು ಕ್ಯಾಮೆರಾ ತೋರಿಸುವುದಿಲ್ಲ.

ನಮ್ಮ ದೇಶದಲ್ಲಿ ಈ ಹುಡುಗ ಇನ್ನೊಂದು ದಾರಿಯಿಂದ ಬಂದ. 1970ರ ದಶಕದ ಮುಂಬಯಿ ಸಿನಿಮಾದಲ್ಲಿ ನಗರದ ಉದ್ಯೋಗಿಯೆಂದರೆ ಗುಮಾಸ್ತ. 1977ರ 'ಘರೋಂದಾ' ಚಿತ್ರದ ಜೋಡಿಗೆ ಬೇಕಿದ್ದದ್ದು ಒಂದು ಸಣ್ಣ ಫ್ಲ್ಯಾಟು ಮಾತ್ರ. ಕಟ್ಟಡದವನು ಮೋಸ ಮಾಡುತ್ತಾನೆ, ಸಂಬಂಧವೇ ಮುರಿಯುತ್ತದೆ. ಪ್ರೇಕ್ಷಕರ ಕರುಳು ಅವರ ಪಕ್ಷದಲ್ಲಿತ್ತು. 1991ರ ಜುಲೈನ ಬಜೆಟ್ಟು ಆರ್ಥಿಕತೆಯ ಬಾಗಿಲು ತೆರೆದ ಮೇಲೆ ಕಂಪನಿಗಳು ಬಂದವು, ಸಂಬಳ ಏರಿತು, ಮರುಕದ ಜಾಗದಲ್ಲಿ ಮೋಹ ಬಂತು. 2001ರ 'ದಿಲ್ ಚಾಹ್ತಾ ಹೈ' ಆ ಮೋಹಕ್ಕೊಂದು ಭೂಪಟ ಕೊಟ್ಟಿತು: ಮುಂಬಯಿಯಿಂದ ಕಾರಿನಲ್ಲಿ ಗೋವಾಕ್ಕೆ ಹೊರಟ ಮೂವರು ಗೆಳೆಯರು. ಅವರು ಕೂತ ಶಾಪೊರಾ ಕೋಟೆಯನ್ನು ಪ್ರವಾಸಿಗರು ಈಗ ಸಿನಿಮಾದ ಹೆಸರಿನಿಂದಲೇ ಕೇಳುತ್ತಾರೆ. ಆ ಮೂವರಲ್ಲಿ ಯಾರೂ ಸಂಬಳದ ದಿನಕ್ಕಾಗಿ ಕಾಯುವವರಲ್ಲ ಎಂಬುದನ್ನು ಮರೆಯಬಾರದು. ಸಿರಿವಂತರ ಮಕ್ಕಳ ರಜೆ ಸಂಬಳದವರ ಕನಸಾಯಿತು. ಆ ಕನಸಿಗೆ ಕ್ರೆಡಿಟ್ ಕಾರ್ಡ್ ತೀಡಿದವನನ್ನು ಶೋಕಿಲಾಲ ಎಂದು ಬೈಯುವುದೂ ಅಲ್ಲಿಂದಲೇ ಆರಂಭವಾಯಿತು.

ಇಲ್ಲಿ ಕನ್ನಡದ ಒಂದು ಕೃತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಶವಂತ ಚಿತ್ತಾಲರು ನಮ್ಮ ಉತ್ತರ ಕನ್ನಡದ ಹನೇಹಳ್ಳಿಯವರು. ಮುಂಬಯಿಯಲ್ಲಿ ಪ್ಲಾಸ್ಟಿಕ್ ಮತ್ತು ರಾಳಗಳ ತಂತ್ರಜ್ಞರಾಗಿ ಕಂಪನಿಯಲ್ಲಿ ದುಡಿದವರು, ಬಾಂದ್ರಾದಲ್ಲಿ ನೆಲೆಸಿದವರು. ಅವರ 'ಶಿಕಾರಿ' ಕಾದಂಬರಿ ಬಂದದ್ದು 1979ರಲ್ಲಿ. ಯಪ್ಪಿ ಎಂಬ ಪದ ಆಗಿನ್ನೂ ಜಗತ್ತಿಗೆ ಗೊತ್ತಿರಲಿಲ್ಲ. ಅದರ ನಾಯಕ ನಾಗಪ್ಪ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಮೇಲಿನ ಹುದ್ದೆಯ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಆರೋಪವೇನು, ಹಿಂದೆ ಯಾರಿದ್ದಾರೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಸಂಬಳ, ಫ್ಲ್ಯಾಟು, ವಿದೇಶದ ಅವಕಾಶ ಎಲ್ಲವೂ ಇದ್ದ ಮನುಷ್ಯ ಬೇಟೆಗೆ ಸಿಕ್ಕ ಪ್ರಾಣಿಯಂತೆ ಬೆದರುತ್ತಾನೆ. ಅಮೆರಿಕದ ಸಿನಿಮಾ ಎಂಟು ವರ್ಷದ ನಂತರ ಕಂಪನಿಯ ಯುವಕನನ್ನು ಬೇಟೆಗಾರನಾಗಿ ನೋಡಿತು. ಚಿತ್ತಾಲರು ಅವನನ್ನು ಬೇಟೆಯಾಗಿ ನೋಡಿದರು. ನಾನು ಈ ಪುಸ್ತಕವನ್ನು ಮೊದಲು ಓದಿದ್ದು 1987ರಲ್ಲಿ, ಪರೇಲಿನ ಖೋಲಿಯಲ್ಲಿ, ಇನ್ನಿಬ್ಬರು ಮಲಗಿದ ಮೇಲೆ. ಅಂದು ಅದು ನನಗೆ ಅತಿಯೆನಿಸಿತ್ತು. ಕೆಲಸ ಕಳೆದುಕೊಂಡ ಎಂಜಿನಿಯರುಗಳು ಸಾಲದ ಕಂತು ಮುಂದೂಡಲು ಕೇಳಿಕೊಂಡು ನನ್ನ ಮೇಜಿನ ಮುಂದೆ ಕೂತಾಗ ಅದು ಅತಿಯಲ್ಲವೆಂದು ಗೊತ್ತಾಯಿತು.

ಈ ಭಯದ ಮೂಲವನ್ನು ಅಮೆರಿಕದ ಲೇಖಕಿ ಬಾರ್ಬರಾ ಎರನ್‌ರೈಕ್ 1989ರಲ್ಲಿ 'ಬೀಳುವ ಭಯ' ಎಂದು ಕರೆದರು. ವಿಷಯ ಸರಳ. ತೋಟವಿದ್ದವನು ಮಗನಿಗೆ ತೋಟ ಬಿಟ್ಟುಹೋಗುತ್ತಾನೆ. ಹೋಟೆಲು ಇದ್ದವನು ಗಲ್ಲಾದ ಬೀಗದಕೈ ಕೊಟ್ಟುಹೋಗುತ್ತಾನೆ. ಓದಿನಿಂದ ಬಂದ ಕೆಲಸವನ್ನು ಹಾಗೆ ಬಿಟ್ಟುಹೋಗಲಾಗುವುದಿಲ್ಲ. ಪ್ರತಿ ತಲೆಮಾರೂ ಅದನ್ನು ಮೊದಲಿನಿಂದ ಗಳಿಸಬೇಕು. ಅದರ ಮೇಲೆ, ಮೇಲ್ವಿಚಾರಣೆ ಮತ್ತು ಆಡಳಿತದ ಹೊಣೆ ಹೊತ್ತವರು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳುತ್ತಿದ್ದ 'ಕೆಲಸಗಾರ'ರ ಸಾಲಿಗೆ ಸಾಮಾನ್ಯವಾಗಿ ಸೇರುತ್ತಿರಲಿಲ್ಲ. ಗಿರಣಿಯ ಕಾರ್ಮಿಕನಿಗೆ ಯೂನಿಯನ್ ಇತ್ತು, ಬೀದಿಯಿತ್ತು. ಮ್ಯಾನೇಜರಿಗೆ ಇರುವುದು ಮೂರು ತಿಂಗಳ ನೋಟಿಸು.

ಗಿರಣಿಯ ಮಾತು ಬಂತು. ನಾನು 1986ರಲ್ಲಿ ಕುಮಟಾದಿಂದ ಬಸ್ಸಿನಲ್ಲಿ ಬಂದಿಳಿದಾಗ ಪರೇಲ್, ಲಾಲ್‌ಬಾಗ್‌ಗಳ ಚಿಮಣಿಗಳು ನಿಂತಿದ್ದವು, ಹೊಗೆ ಕಡಿಮೆಯಾಗಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರ ಸೋತುಹೋಗಿತ್ತು. ನಮ್ಮ ಚಾಳಿನ ಕೆಳಗಿನ ಖೋಲಿಯವರು ಮಗ್ಗದ ಖಾತೆಯಲ್ಲಿದ್ದವರು, ಆಗ ತರಕಾರಿ ಮಾರುತ್ತಿದ್ದರು. ಗಿರಣಿಯ ಜಮೀನನ್ನು ಮೂರು ಪಾಲು ಮಾಡಿ ನಗರಕ್ಕೆ, ಬಡವರ ವಸತಿಗೆ, ಮಾಲೀಕರಿಗೆ ಹಂಚಬೇಕೆಂದು 1991ರ ನಿಯಮ ಹೇಳಿತು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಕಟ್ಟಡವಿಲ್ಲದ ಬಯಲಿಗೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಲೋವರ್ ಪರೇಲಿನಲ್ಲಿ ಇಂದು ಕಾಣುವ ಗಾಜಿನ ಗೋಪುರಗಳು, ಮಾಲುಗಳು, ಮಹಡಿಯ ಹೋಟೆಲುಗಳು ಈ ಒಂದು ತಿದ್ದುಪಡಿಗೆ ಬಹುಮಟ್ಟಿಗೆ ಋಣಿ.

ಈಗ ಆ ರಸ್ತೆಯಲ್ಲಿ ಸಂಜೆ ಏಳಕ್ಕೆ ನಿಂತರೆ ಯಾರು ಕಾಣುತ್ತಾರೆ? ಜಮೀನು ಮಾರಿದವರು ಕಾಣುವುದಿಲ್ಲ, ತಿದ್ದುಪಡಿ ಬರೆದವರೂ ಕಾಣುವುದಿಲ್ಲ. ಐಡಿ ಕಾರ್ಡ್ ತೊಟ್ಟ ಹುಡುಗ ಹುಡುಗಿಯರು ಕಾಣುತ್ತಾರೆ. ಗಿರಣಗಾಂವ್, ಅಂದರೆ ಗಿರಣಿಗಳ ಊರು, ಹೋಯಿತೆಂಬ ದುಃಖಕ್ಕೆ ಒಂದು ಮುಖ ಬೇಕು; ಹತ್ತಿರದಲ್ಲಿ ಸಿಗುವ ಮುಖ ಇವರದು. ನ್ಯೂಯಾರ್ಕಿನಲ್ಲಿ 1988ರ ಆಗಸ್ಟಿನಲ್ಲಿ ಟಾಂಪ್‌ಕಿನ್ಸ್ ಸ್ಕ್ವೇರ್ ಉದ್ಯಾನದ ಗಲಭೆಯ ಕಾಲಕ್ಕೆ ಯಪ್ಪಿಗಳು ಸಾಯಲಿ ಎಂಬ ಘೋಷಣೆ ಎದ್ದದ್ದೂ ಏರಿದ ಬಾಡಿಗೆಯ ಸಂಕಟದಿಂದಲೇ. ಯುವ ವೃತ್ತಿಪರರಿಂದ ಬಾಡಿಗೆ ಏರುತ್ತದೆ ಎಂಬುದು ನಿಜ. ಬಾಡಿಗೆಯ ಹಣ ಅವರ ಕೈಯಿಂದ ಹೊರಗೆ ಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಪುಣೆಯಲ್ಲಿ ಇದೇ ಕಥೆ ಗದ್ದೆಗಳ ಮೇಲೆ ನಡೆಯಿತು. ಹಿಂಜವಡಿ ಹಳ್ಳಿಯಾಗಿತ್ತು, ಈಗ ಐಟಿ ಪಾರ್ಕು. ಇನ್ಫೋಸಿಸ್ ಹುಟ್ಟಿದ್ದೂ ಪುಣೆಯಲ್ಲಿಯೇ, 1981ರಲ್ಲಿ, ಸುಧಾ ಮೂರ್ತಿಯವರು ಕೂಡಿಟ್ಟ ಹತ್ತು ಸಾವಿರ ರೂಪಾಯಿಯಿಂದ. ಕನ್ನಡದ ಮನೆಗಳಲ್ಲಿ ಈ ಕಥೆಯನ್ನು ಪುರಾಣದಂತೆ ಹೇಳಿಕೊಂಡು ಮಕ್ಕಳನ್ನು ಎಂಜಿನಿಯರಿಂಗಿಗೆ ಸೇರಿಸಿದವರು ನಾವು. ಅದೇ ಸಂಸ್ಥೆಯ ನಾರಾಯಣ ಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ, ಅದಕ್ಕೆ ಬಂದ ಉತ್ತರದ ಬಿರುಸು ಹಿರಿಯರಾದ ನಮಗೆ ಅಚ್ಚರಿ ತಂದಿತು. ನನಗೆ ಅವರ ಮೇಲೆ ಗೌರವವಿದೆ. ಆದರೆ ತನ್ನದೇ ಕಂಪನಿ ಕಟ್ಟುವವನ 70 ಗಂಟೆಯೂ ಸಂಬಳಕ್ಕೆ ಕೂತವನ 70 ಗಂಟೆಯೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಇನ್ನು ನಮ್ಮ ಪತ್ರಿಕೆಗಳ 'ಟೆಕ್ಕಿ'. ಟೆಕ್ಕಿ ಆತ್ಮಹತ್ಯೆ, ಟೆಕ್ಕಿಗೆ ವಂಚನೆ, ಟೆಕ್ಕಿ ದಂಪತಿ ಜಗಳ. ಬೇರೆಯವರ ಮನೆಯ ದುಃಖಕ್ಕೆ ತಲೆಬರಹದಲ್ಲಿ ವೃತ್ತಿ ಇಷ್ಟು ತಪ್ಪದೆ ಸೇರುವುದಿಲ್ಲ. ಈ ಒಂದು ಪದ ಓದುಗನಿಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ: ದುಡ್ಡಿತ್ತು, ನೆಮ್ಮದಿಯಿರಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ತೀರ್ಪು ಇನ್ನೂ ಕ್ರೂರ. 2007ರ ನವೆಂಬರಿನಲ್ಲಿ ಪುಣೆಯಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳನ್ನು ಆಕೆಯನ್ನು ಕರೆದೊಯ್ಯಬೇಕಿದ್ದ ಕ್ಯಾಬಿನ ಚಾಲಕನೇ ಜೊತೆಗಾರನೊಡನೆ ಸೇರಿ ಅತ್ಯಾಚಾರ ಮಾಡಿ ಕೊಂದ. ಮರುದಿನಗಳಲ್ಲಿ ಡೊಂಬಿವಲಿ ಲೋಕಲ್‌ನಲ್ಲಿ ನನ್ನ ಪಕ್ಕ ನಿಂತಿದ್ದವರು, ಹುಡುಗಿಯರಿಗೆ ರಾತ್ರಿ ಕೆಲಸ ಯಾಕೆ ಬೇಕಿತ್ತು ಎಂದರು. ಅವಳು ಕೆಲಸಕ್ಕೆ ಹೊರಟಿದ್ದಳು. ಕಾಲ್ ಸೆಂಟರೆಂದರೆ ಮೋಜು ಎಂದು ವರ್ಷಗಟ್ಟಲೆ ನೋಡಿದ ಚಿತ್ರಗಳು ಆ ಸಹಪ್ರಯಾಣಿಕರ ಬಾಯಲ್ಲಿ ಮಾತಾಗಿ ಬಂದವು. ನಾನು ಆಗ ಏನೂ ಹೇಳಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಬ್ಯಾಂಕಿನವನಾಗಿ ಒಂದು ಲೆಕ್ಕ ಹೇಳುತ್ತೇನೆ. ಪುಣೆಯಲ್ಲಿ 80 ಲಕ್ಷದ ಫ್ಲ್ಯಾಟು ಎಂದುಕೊಳ್ಳಿ. ಬೆಲೆಯ ಶೇಕಡ 80ರಷ್ಟು ಸಾಲ, ಅಂದರೆ 64 ಲಕ್ಷ. ಬಡ್ಡಿ ಶೇಕಡ 8.5, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 55,500 ರೂಪಾಯಿ. 240 ಕಂತು ಮುಗಿಯುವಾಗ ಕಟ್ಟಿದ ಒಟ್ಟು ಮೊತ್ತ ಒಂದು ಕೋಟಿ 33 ಲಕ್ಷ. ಸಾಲಕ್ಕಿಂತ ಬಡ್ಡಿಯೇ ಹೆಚ್ಚು. ಉಳಿದ 16 ಲಕ್ಷ ಮತ್ತು ನೋಂದಣಿಯ ಖರ್ಚನ್ನು ಕೈಯಿಂದ ಹಾಕಬೇಕು. ಅದು ಎಷ್ಟೋ ಸಲ ಊರಿನ ಅಪ್ಪನ ಭವಿಷ್ಯನಿಧಿಯಿಂದ ಬರುತ್ತಿತ್ತು, ಇಲ್ಲವೇ ಅಮ್ಮನ ಬಂಗಾರದಿಂದ. ಅರ್ಜಿಯ ಜೊತೆ ಬರುತ್ತಿದ್ದ ಖಾತೆಯ ವಿವರದಲ್ಲಿ ಪ್ರತಿ ತಿಂಗಳ ಮೊದಲ ವಾರ ಊರಿನ ಖಾತೆಗೆ ಹೋದ ಒಂದು ಮೊತ್ತ ಇರುತ್ತಿತ್ತು. ತಂಗಿಯ ಕಾಲೇಜು, ಅಜ್ಜಿಯ ಔಷಧ, ಸೊಸೈಟಿ ಸಾಲ. ಕಾಫಿಯ ಬಿಲ್ಲೂ ಅದೇ ಹಾಳೆಯಲ್ಲಿ ಇರುತ್ತಿತ್ತು. ವಿಡಿಯೊ ಮಾಡುವವರ ಕಣ್ಣಿಗೆ ಬೀಳುವುದು ಕಾಫಿ ಮಾತ್ರ.

ಅಮೆರಿಕದಲ್ಲಿ ಕೆತ್ತಿದ ಯಪ್ಪಿಯ ಅಚ್ಚು ನಮ್ಮ ಹುಡುಗರಿಗೆ ಸರಿಯಾಗಿ ಕೂರದಿರುವುದು ಇಲ್ಲಿ. ಆ ಅಚ್ಚಿನ ಯಪ್ಪಿ ಯಾರ ಹಂಗೂ ಇಲ್ಲದ ಒಬ್ಬಂಟಿ. ಮುಂಬಯಿಗೆ ಬಂದ ಕನ್ನಡಿಗ ಎಂದೂ ಒಬ್ಬಂಟಿಯಾಗಿ ಬಂದವನಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರಾದ, ವಕೀಲರಾದ ಹಿರಿಯರ ಸಾಲೇ ಈ ನಗರದಲ್ಲಿದೆ. ಅವರು ತಮ್ಮ ಕಾಲದ ಯುವ ವೃತ್ತಿಪರರು. ರಜೆಗೆ ಊರಿಗೆ ಹೋದಾಗ ಅವರನ್ನೂ 'ಬೊಂಬಾಯಿಯವನು' ಎಂದು ಅತ್ತರಿನ ವಾಸನೆಯಿಂದ, ಹೊಸ ಅಂಗಿಯಿಂದ ಗುರುತಿಸಿ ನಕ್ಕವರಿದ್ದರು. ಬಾಲ್ಯದಲ್ಲಿ ನಾನೂ ನಕ್ಕಿದ್ದೇನೆ. ಕೊಂಕಣದ ಮರಾಠಿಯಲ್ಲಿ ಅಂಥವನಿಗೆ 'ಚಾಕರಮಾನಿ' ಎಂಬ ಪದವೇ ಇದೆ. ಗಣಪತಿ ಹಬ್ಬಕ್ಕೆ ಅವನು ಮನೆಗೆ ಬರುತ್ತಾನೆ. ಆ ಪದದಲ್ಲಿ ಚೇಷ್ಟೆಯಿದೆ, ಆದರೆ ಕಾಯುವಿಕೆಯೂ ಇದೆ. ಯಪ್ಪಿ ಎಂಬ ಪದಕ್ಕೆ ಹಾಗೆ ಕಾಯುವ ಮನೆಯೊಂದಿಲ್ಲ. ಟೆಕ್ಕಿಗೂ ಇಲ್ಲ.

ಊಟ ಮುಗಿಸಿ ಅವನನ್ನು ದಾದರಿನಲ್ಲಿ ಪುಣೆಯ ರೈಲಿಗೆ ಬಿಡಲು ಹೋದೆ. ಪ್ಲ್ಯಾಟ್‌ಫಾರಮಿನಲ್ಲಿ ನಿಂತಿದ್ದಾಗ ಅಕ್ಕನ ಫೋನ್ ಬಂತು. ಗಾಳಿಮಳೆಗೆ ಹಿತ್ತಿಲ ಕಡೆಯ ಹೆಂಚು ಹಾರಿವೆಯಂತೆ, ಅಡುಗೆಮನೆ ಸೋರುತ್ತಿದೆಯಂತೆ. "ಈಗಲೇ ಹಾಕುತ್ತೇನೆ ಅಮ್ಮ" ಎಂದು ಫೋನ್ ಇಟ್ಟ. ನಾನು ಪರೇಲ್ ಅಂಚೆ ಕಚೇರಿಯಲ್ಲಿ ಮನಿಯಾರ್ಡರ್ ಫಾರಂ ತುಂಬುತ್ತಿದ್ದ ದಿನಗಳಲ್ಲಿ ಕೆಳತುದಿಯಲ್ಲಿ ಎರಡು ಸಾಲು ಬರೆಯುವಷ್ಟು ಜಾಗವಿರುತ್ತಿತ್ತು. ಕ್ಷೇಮ, ಹಣ ಸಿಕ್ಕಿದ್ದಕ್ಕೆ ಕಾಗದ ಹಾಕು ಎಂದು ಬರೆಯುತ್ತಿದ್ದೆ. ಅವನ ಮೊಬೈಲಿನಲ್ಲೂ ಮೊತ್ತದ ಕೆಳಗೆ ಅಷ್ಟೇ ಅಗಲದ ಒಂದು ಖಾಲಿ ಜಾಗವಿತ್ತು. 'ಹೆಂಚಿಗೆ' ಎಂದು ಕನ್ನಡದಲ್ಲಿ ಟೈಪ್ ಮಾಡಿದ. ರೈಲು ಬಂತು. ಐಡಿ ಕಾರ್ಡಿನ ಪಟ್ಟಿ ಚೀಲದ ಬದಿಯಿಂದ ಇಣುಕುತ್ತಿತ್ತು. ಅದನ್ನು ಒಳಗೆ ತುರುಕಿ ಹತ್ತಿಕೊಂಡ.